ದಿನ್ನೆಯ ಮೇಲಿನ ಅಮಾವಾಸ್ಯೆ ಮೀಟಿಂಗ್

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸುರಪುರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿಗೆ ನಾನು ಹೆಡ್‌ಮಿಸ್ಟ್ರೆಸ್ ಆಗಿ ಹೋದೆ. ಊರಿನ ಹೆಸರು ಬೇಡ. ಕಕ್ಕೇರಾ ಕಡೆ ಹೋಗುವ ಬಸ್ಸು ಅಲ್ಲಿ ಎರಡು ನಿಮಿಷ ನಿಲ್ಲುತ್ತಿತ್ತು ಎಂದರೆ ಸಾಕು. ಮನೆ ರಂಗಂಪೇಟೆಯಲ್ಲಿ ಮಾಡಿದ್ದೆ. ಕಾಲುವೆಯ ನೀರು ಆ ಊರಿಗೆ ಬಂದು ಆಗ ನಾಲ್ಕೈದು ವರ್ಷವಾಗಿತ್ತು. ಬಿಳಿಜೋಳ ಬೆಳೆಯುತ್ತಿದ್ದ ಕರಿ ಹೊಲಗಳಲ್ಲಿ ಭತ್ತ ನಿಂತಿತ್ತು. ಬಸ್ಸಿನ ಕಿಟಕಿಯಿಂದ ಆ ಹಸಿರು ನೋಡುತ್ತಾ ಹೋಗುವಾಗ, ಹೌ ಲಕ್ಕಿ ಐ ಆ್ಯಮ್ ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಆ ನೀರು ನನ್ನ ಶಾಲೆಯ ನೆಲದಡಿಗೂ ಬರುತ್ತಿದೆ ಎಂಬುದು ಆಗ ಗೊತ್ತಿರಲಿಲ್ಲ.

ನಾನು ಓದಿದ್ದು ಹೈದರಾಬಾದಿನ ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ಕಲಿಸಿದ ಪಂಕ್ಚುಯಾಲಿಟಿ, ನೀಟ್‌ನೆಸ್, ಗುಂಡಗಿನ ಹ್ಯಾಂಡ್‌ರೈಟಿಂಗ್ ಇಷ್ಟೇ ನನ್ನ ಬಂಡವಾಳ. ಶಾಲೆಗೊಂದು ಬೆಟರ್‌ಮೆಂಟ್ ಕಮಿಟಿ ಇತ್ತು. ನಾನೂ ಸೇರಿ ಒಂಬತ್ತು ಜನ ತಿಂಗಳಿಗೊಮ್ಮೆ ಕೂತು ಹಾಜರಿ, ದುರಸ್ತಿ, ಪರೀಕ್ಷೆ ಎಲ್ಲ ಮಾತಾಡಿ, ಠರಾವು ಮಾಡಿ, ಪ್ರೊಸೀಡಿಂಗ್ಸ್ ಪುಸ್ತಕಕ್ಕೆ ಸಹಿ ಹಾಕಬೇಕು. ಐದು ಜನ ಬಂದರೆ ಕೋರಂ, ಅಂದರೆ ಸಭೆ ನಡೆಸಬಹುದು. ನಾನು ತಿಂಗಳ ಮೊದಲ ಶನಿವಾರ ಎಂದು ಗೊತ್ತುಮಾಡಿ, ಅಜೆಂಡಾ ಬರೆದು, ಎಲ್ಲರ ಮನೆಗೂ ನೋಟೀಸು ಕಳಿಸಿದೆ. ಬಂದವರು ಒಬ್ಬರೇ, ಟೇಲರ್ ಅಮೀನಸಾಬ.

ಅವರು ಖಾಲಿ ಕುರ್ಚಿಗಳನ್ನು ಒಂದೊಂದಾಗಿ ನೋಡಿ ಹೇಳಿದರು: "ಅಮಾಸಿ ದಿನ ಇಡ್ರಿ ಅಕ್ಕೋರೆ. ಅವತ್ತ ಯಾರೂ ಎತ್ತು ಹೂಡಂಗಿಲ್ಲ. ಗೌಡ್ರ ಎತ್ತೂ ಮನ್ಯಾಗ, ಗೌಡ್ರೂ ಮನ್ಯಾಗ. ಶನಿವಾರ ಇಟ್ರ ನಾನು ನೀವು ಕುಂತು ಗುಂಡಿ ಹಚ್ಚಬೇಕು ನೋಡ್ರಿ."

ಅಂದಿನಿಂದ ನಮ್ಮ ಮೀಟಿಂಗ್ ಅಮಾವಾಸ್ಯೆಯ ಮಧ್ಯಾಹ್ನ. ಪಂಚಾಂಗ ನೋಡಿ ಸಭೆ ಕರೆಯುವ ಹೆಡ್‌ಮಿಸ್ಟ್ರೆಸ್ ಜಿಲ್ಲೆಯಲ್ಲಿ ನಾನೊಬ್ಬಳೇ ಇದ್ದೆನೇನೋ. ಹಿಂದಿನ ತಿಂಗಳ ಮಿನಿಟ್ಸ್ ನಾನು ಗಟ್ಟಿಯಾಗಿ ಓದುತ್ತಿದ್ದೆ; ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ, ಆದರೆ ಒಂದು ಶಬ್ದ ತಪ್ಪಿದರೆ ಹಿಡಿಯುತ್ತಿದ್ದರು. ಶಾಲೆಯ ಕೆಲಸ ಮುಗಿದ ಮೇಲೆ ಊರ ಸುದ್ದಿ. ಯಾರ ಮಗಳು ದೊಡ್ಡವಳಾಗಿ ಶಾಲೆ ಬಿಟ್ಟಳು, ಯಾರು ನಾಟಿಗೆಂದು ಹುಡುಗಿಯನ್ನು ಕರೆದುಕೊಂಡು ಹೋದರು, ಯಾವ ಹುಡುಗನಿಗೆ ಕಣ್ಣು ಕಾಣುವುದಿಲ್ಲ ಎಂಬುದೆಲ್ಲ ನನಗೆ ಗೊತ್ತಾಗುತ್ತಿದ್ದದ್ದು ಆ ಹೊತ್ತಿನಲ್ಲಿ. ಹೋಟೆಲ್ಲಿನಿಂದ ಮಿರ್ಚಿ, ಚಹಾ ಬರುತ್ತಿತ್ತು. ಇವತ್ತಿಗೂ ಕಡಲೆಹಿಟ್ಟು ಎಣ್ಣೆಗೆ ಬಿದ್ದ ವಾಸನೆ ಎಲ್ಲಾದರೂ ಬಂದರೆ ನನ್ನ ಕೈ ಪೆನ್ನು ಹುಡುಕುತ್ತದೆ.

ಕಮಿಟಿಯ ಅಧ್ಯಕ್ಷರು ಗೌಡರು. ಎತ್ತರದ ಆಸಾಮಿ, ಮಾತು ಕಡಿಮೆ, ಮಿರ್ಚಿಗೆ ಮೊದಲ ಕೈ ಅವರದೇ. ಅವರ ಮೊಮ್ಮಗಳು ನೀಲಮ್ಮ ನಮ್ಮಲ್ಲೇ ಓದುತ್ತಿದ್ದಳು. ನನ್ನನ್ನು ಬಿಟ್ಟರೆ ಏಕೈಕ ಮಹಿಳಾ ಸದಸ್ಯೆ ದುರಗಮ್ಮ, ಕೇರಿಯವಳು, ಕೂಲಿ ಮಾಡುವವಳು. ಆಕೆಯ ಮನೆಯವರೆಲ್ಲ ಬೌದ್ಧರಾಗಿದ್ದರೂ ಹಳೆಯ ಹೆಸರು ಹಾಗೇ ಉಳಿದಿತ್ತು. ಆಕೆ ಬಾಗಿಲ ಬಳಿ ನೆಲದ ಮೇಲೆ ಕೂರುತ್ತಿದ್ದಳು. ಮೊದಲ ಸಲ ನಾನು ಕುರ್ಚಿ ತೋರಿಸಿದೆ. "ಇಲ್ಲೇ ತಂಪು ಅದರಿ ಅಕ್ಕೋರೆ" ಎಂದಳು. ಸರಿ ಎಂದು ಬಿಟ್ಟೆ. ಚಹಾ ಕೊಟ್ಟರೆ ಒಲ್ಲೆ ಎನ್ನುತ್ತಿದ್ದಳು. "ಎದಿ ಉರಿ ಅದರಿ." ಪ್ರತಿ ಅಮಾವಾಸ್ಯೆಯೂ ಅದೇ ಮಾತು. ಪಾಪ, ಖಾಲಿ ಹೊಟ್ಟೆಯಲ್ಲಿ ದುಡಿಯುವವಳು ಎಂದು ಮರುಗಿ ನಾನು ಸುರಪುರದ ಮೆಡಿಕಲ್ ಅಂಗಡಿಯಿಂದ ಎದೆ ಉರಿಯ ಗುಳಿಗೆಯ ಒಂದು ಸ್ಟ್ರಿಪ್ ತಂದುಕೊಟ್ಟೆ. ಊಟವಾದ ಮೇಲೆ ಚೀಪಬೇಕು ಎಂದು ವಿವರಿಸಿಯೂ ಹೇಳಿದೆ. ಆಕೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ನಾನು ಹೋದ ಮೂರನೆಯ ವರ್ಷ ಶಾಲೆಗೆ ಆಪತ್ತು ಬಂತು. ಕಟ್ಟಡ ಊರಿನ ತಗ್ಗಿನಲ್ಲಿತ್ತು. ಕಾಲುವೆ ಬರುವ ಮುಂಚೆ ಅದು ಒಳ್ಳೆಯ ಜಾಗವೇ. ಈಗ ಮೇಲಿನ ಭತ್ತದ ಗದ್ದೆಗಳ ನೀರು ಒಳಗೊಳಗೇ ಇಳಿದು ನೆಲ ಜವಳು ಹಿಡಿದಿತ್ತು. ಮಳೆಯಿಲ್ಲದ ದಿನವೂ ನೆಲದ ಫರಸಿ ಕಲ್ಲುಗಳ ಸಂದಿಯಲ್ಲಿ ನೀರು ಜಿನುಗುತ್ತಿತ್ತು. ಆ ಮೇಲಿನ ಗದ್ದೆಗಳು ಗೌಡರವು. ಮೀಟಿಂಗಿನಲ್ಲಿ ಎಲ್ಲರೂ "ಕಾಲುವಿ ನೀರು" ಎಂದೇ ಹೇಳಿದರು, ಯಾರ ಹೊಲದ್ದು ಎಂದು ಯಾರೂ ಹೇಳಲಿಲ್ಲ. ನಾನೂ ಬರೆಯಲಿಲ್ಲ. ದೀಪಾವಳಿ ರಜೆ ಮುಗಿಸಿ ಬಂದರೆ ಎಸ್.ಎಸ್.ಎಲ್.ಸಿ. ತರಗತಿಯ ಗೋಡೆ ಹೊಟ್ಟೆ ಬಿಟ್ಟಿತ್ತು. ಎಂಜಿನಿಯರ್ ಬಂದು ನೋಡಿ ಆ ಕೋಣೆ ಅನ್‌ಸೇಫ್ ಎಂದು ಬರೆದುಕೊಟ್ಟರು. ಮೇಲಿನ ಕಚೇರಿಯಿಂದ ಕಾಗದ ಬಂತು: ಜನವರಿ ಮುಗಿಯುವುದರೊಳಗೆ ಬೇರೆ ಸೂರು ತೋರಿಸಿ, ಇಲ್ಲವಾದರೆ ಹತ್ತನೆಯ ತರಗತಿಯನ್ನು ಸುರಪುರದ ಶಾಲೆಗೆ ಸೇರಿಸಲಾಗುವುದು.

ಮೂವತ್ತೊಂದು ಮಕ್ಕಳು. ಅವರಲ್ಲಿ ಆರು ಹುಡುಗಿಯರು. ಗಂಡುಮಕ್ಕಳು ಬಸ್ಸಿಗೆ ಜೋತು ಬಿದ್ದಾದರೂ ಹೋಗುತ್ತಾರೆ. ಆ ಆರು ಜನರ ಅಪ್ಪಂದಿರನ್ನು ನಾನು ಒಬ್ಬೊಬ್ಬರಾಗಿ ಕೇಳಿದೆ. ಆರೂ ಮನೆಯಲ್ಲಿ ಒಂದೇ ಉತ್ತರ: "ಸುರಪುರಕ್ಕ ಕಳಸಂಗಿಲ್ರಿ. ಬಿಡಸ್ತೀವಿ." ಗೌಡರ ಮನೆಯಲ್ಲೂ ಅದೇ; ನೀಲಮ್ಮನೂ ಆ ಆರರಲ್ಲಿ ಒಬ್ಬಳು.

ಗುಡಿಯ ಪಡಸಾಲೆ ಹತ್ತು ಜನರಿಗೆ ಸಾಲದು, ಗೌಡರ ಗೋದಾಮಿನ ತುಂಬ ಭತ್ತ. ಉಳಿದದ್ದು ಒಂದೇ ಜಾಗ, ಕೇರಿಯ ಬುದ್ಧ ವಿಹಾರ. ಕೇರಿ ಇದ್ದದ್ದು ಊರಾಚೆಯ ಕಲ್ಲುದಿನ್ನೆಯ ಮೇಲೆ. ಏನೂ ಬೆಳೆಯುವುದಿಲ್ಲವೆಂದು ಹಿಂದೆಂದೋ ಅವರಿಗೆ ಬಿಟ್ಟುಕೊಟ್ಟ ನೆಲ. ಈಗ ಊರಿನಲ್ಲಿ ಒಣಗಿದ ನೆಲವೆಂದರೆ ಅದೊಂದೇ. ದಿನ್ನೆಯ ಕಲ್ಲನ್ನೇ ಒಡೆದು, ಮನೆಗೊಬ್ಬರು ಕೂಲಿ ಬಿಟ್ಟು ಬಂದು, ಎರಡು ಬೇಸಿಗೆಯಲ್ಲಿ ಅವರು ಕಟ್ಟಿಕೊಂಡ ಹಾಲ್ ಅದು. ದೊಡ್ಡ ಕಿಟಕಿಗಳು, ನೀಲಿ ಬಾಗಿಲು, ಒಳಗೆ ಒಂದು ಬುದ್ಧನ ಮೂರ್ತಿ.

ನಾನು ಅಜೆಂಡಾದಲ್ಲಿ ಬರೆದೆ: ವಿಹಾರದ ಹಾಲ್ ಅವೈಲೆಬಲ್ ಇರುತ್ತದೆ, ಸ್ಥಳಾಂತರದ ಬಗ್ಗೆ ಚರ್ಚಿಸುವುದು. ಬರೆದು, ಎಷ್ಟು ಪ್ರೋಗ್ರೆಸಿವ್ ಇದ್ದೇನೆ ಎಂದು ನನಗೆ ನಾನೇ ಹೆಮ್ಮೆಪಟ್ಟೆ.

ಆ ಅಮಾವಾಸ್ಯೆ ಇಡೀ ಚರ್ಚೆಯಾಯಿತು, ತೀರ್ಮಾನವಾಗಲಿಲ್ಲ. ಮುಂದಿನದು ಎಳ್ಳಮಾವಾಸ್ಯೆ, ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಅದಕ್ಕೇ ಮೀಟಿಂಗ್ ಬೆಳಗಿನಲ್ಲೇ ಕರೆದೆ. ಮತ್ತೆ ಅದೇ ಚರ್ಚೆ. ಮಕ್ಕಳನ್ನು ಕೇರಿಗೆ ಕಳಿಸಿದರೆ ಬೀಗರು ಏನಂದಾರು, ನೀರಡಿಕೆಯಾದರೆ ಎಲ್ಲಿ ಕುಡಿಯಬೇಕು, ಮನೆಯಿಂದ ಬಾಟಲಿ ಕೊಟ್ಟು ಕಳಿಸಿದರೆ ಹೇಗೆ. ಕೊನೆಗೆ ಗೌಡರು ಗಂಟಲು ಸರಿಮಾಡಿಕೊಂಡರು. "ಆತು ಬಿಡ್ರಿ. ಎರಡು ತಿಂಗಳ ಮಾತು. ಹುಡುಗ್ರು ಹೋಗಿ ಕುಂದರ್ಲಿ. ಠರಾವು ಬರೀರಿ ಅಕ್ಕೋರೆ."

ನಾನು ಪೆನ್ನಿನ ಕ್ಯಾಪ್ ತೆಗೆದೆ. ಬಾಗಿಲ ಬಳಿಯಿಂದ ದುರಗಮ್ಮನ ದನಿ ಬಂತು.

"ಒಂದ ಮಾತು ಕೇಳ್ತೀನ್ರಿ ಗೌಡ್ರೆ. ಹೋದ ಅಮಾಸಿಲಿಂದ ಕೇಳಾಕತ್ತೀನಿ, ನಿಮ್ಮ ಹುಡುಗ್ರು ಬರ್ತಾರೋ ಇಲ್ಲೋ ಅಂಬೋದೇ ಮಾತು. ನಾವು ಜಾಗ ಕೊಡ್ತೀವೋ ಇಲ್ಲೋ ಅಂತ ಒಬ್ಬರರ ಕೇಳೀರೇನ್ರಿ?"

ಮೂರು ವರ್ಷದಲ್ಲಿ ಆಕೆ ಅಷ್ಟು ಉದ್ದದ ಮಾತಾಡಿದ್ದು ಅದೇ ಮೊದಲು. ಅವೈಲೆಬಲ್ ಎಂಬ ಶಬ್ದ ನನ್ನ ಗುಂಡಗಿನ ಅಕ್ಷರದಲ್ಲಿ ನನ್ನೆದುರೇ ಇತ್ತು. ಆ ದಿನ್ನೆಯನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೆನೇ ಹೊರತು ಒಮ್ಮೆಯೂ ಹತ್ತಿರಲಿಲ್ಲ.

"ಏ ದುರಗೀ, ಈಗ ಕೇಳೀವಿ ಅಂತ ತಿಳಕೋ" ಎಂದರು ಗೌಡರು. "ಕೊಡ್ತೀರೋ ಇಲ್ಲೋ?"

"ಮಂದೀನ ಕೇಳಿ ಹೇಳ್ತೀನ್ರಿ." ಆಕೆ ಎದ್ದು ಹೋದಳು. ಅವತ್ತು ಹೆಬ್ಬೆಟ್ಟು ಒತ್ತಲಿಲ್ಲ.

ಎಲ್ಲರೂ ಹೊಲದ ದಾರಿ ಹಿಡಿದರು. ಅಮೀನಸಾಬರು ಮಾತ್ರ ನನ್ನ ಜೊತೆ ಬಸ್‌ಸ್ಟಾಪಿನವರೆಗೆ ಬಂದರು. ನಾನು ಕೇಳಿದೆ, ಆಕೆಗೆ ಇಷ್ಟು ಸಿಟ್ಟಿದೆಯೆಂದು ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು.

"ಸಿಟ್ಟಲ್ರಿ ಅಕ್ಕೋರೆ. ಆ ಹೋಟೆಲ್ಲಿನ್ಯಾಗ ಕೇರಿ ಮಂದಿಗೆ ಗ್ಲಾಸು ಬ್ಯಾರೆ ಅದ. ಮೀಟಿಂಗಿಗೆ ಚಾ ಬಂದಾಗ ಆಕಿಗೆ ಯಾವ ಗ್ಲಾಸು ಕೊಡಬೇಕು? ನಿಮಗೂ ಮುಜುಗರ, ನಮಗೂ ಮುಜುಗರ. ಅದಕ್ಕ ಆಕಿ ಎದಿ ಉರಿ ಅಂತಾಳ. ನೀವು ನೋಡಿದ್ರ ಗುಳಿಗಿ ತಂದುಕೊಟ್ರಿ!" ಅವರು ನಗಲು ಹೊರಟವರು ನನ್ನ ಮುಖ ನೋಡಿ ಬಸ್ಸು ಬರುವ ದಾರಿಯತ್ತ ತಿರುಗಿದರು.

ಮರುದಿನ ನಾನು ಒಬ್ಬಳೇ ದಿನ್ನೆ ಹತ್ತಿದೆ. ವಿಹಾರದ ಮೆಟ್ಟಿಲ ಮೇಲೆ ಹತ್ತಿಪ್ಪತ್ತು ಜನ ಕೂತಿದ್ದರು. ನಾನು ಕೇಳಿದೆ, ಮೊದಲೇ ಕೇಳಬೇಕಿತ್ತು, ತಪ್ಪಾಯಿತು ಎಂದೂ ಹೇಳಿದೆ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಬಾಡಿಗೆ ಬೇಡ ಎಂದರು. ಒಂದೇ ಷರತ್ತು, ಅದನ್ನು ದುರಗಮ್ಮ ಹೇಳಿದಳು: "ಹುಡುಗ್ರಿಗಿಂತ ಮೊದಲು ಕಮಿಟಿ ಬಂದು ಕುಂದರ್ಲಿ. ಮುಂದಿನ ಅಮಾಸಿ ಮೀಟಿಂಗು ಇಲ್ಲೇ. ನಮ್ಮ ಚಾ ಕುಡದು ಹೋಗ್ಲಿ. ಅಮ್ಯಾಗ ಹುಡುಗ್ರು ಬರ್ಲಿ, ಅವ್ರು ನಮ್ಮ ಮಕ್ಕಳೂ ಅದಾರ."

ಆ ಒಂದು ತಿಂಗಳು ಹತ್ತನೆಯ ತರಗತಿ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ನಡೆಯಿತು. ಗೌಡರು ಬರುತ್ತಾರೋ ಇಲ್ಲವೋ ಎಂಬುದರ ಮೇಲೆ ಆರು ಹುಡುಗಿಯರ ಪರೀಕ್ಷೆ ನಿಂತಿತ್ತು. ಗೌಡರು ಬಂದರೆ ಊರು ಬರುತ್ತದೆ, ಇಲ್ಲವಾದರೆ ಇಲ್ಲ. ಅದು ಹುಡುಗಿಯರಿಗೂ ಗೊತ್ತಿತ್ತು. ನೀಲಮ್ಮ ಒಂದು ದಿನ ಆಲ್ಜೀಬ್ರಾದ ನಡುವೆ ತಲೆಯೆತ್ತಿ ಕೇಳಿದಳು: "ಟೀಚರ್, ನಮ್ಮುತ್ಯಾ ಒಲ್ಲೆ ಅಂದ್ರ ನಾನು ಮನಿಯಾಗ ಕುಂತು ಪರೀಕ್ಷಾ ಕಟ್ಟಬಹುದೇನ್ರಿ?" ಉತ್ಯಾ ಎಂದರೆ ಅಜ್ಜ. "ಡೂ ದ ನೆಕ್ಸ್ಟ್ ಸಮ್" ಎಂದೆ.

ಅಮಾವಾಸ್ಯೆ ಆ ಸಲ ಜನವರಿಯ ಕೊನೆಯ ವಾರದಲ್ಲಿ ಬಂತು. ವಿಹಾರದಲ್ಲಿ ಜಮಖಾನೆ ಹಾಸಿದ್ದರು, ಕುರ್ಚಿಗಳಿರಲಿಲ್ಲ. ಎರಡು ಗಂಟೆಗೆ ಅಮೀನಸಾಬರು ಬಂದರು, ಆಮೇಲೆ ಇನ್ನಿಬ್ಬರು. ದುರಗಮ್ಮ, ನಾನು. ಐದಾಯಿತು, ಕೋರಂ ಆಯಿತು. ಆದರೆ ನಾನು ಪುಸ್ತಕ ತೆರೆಯಲಿಲ್ಲ. ಎರಡೂವರೆಗೆ ದಿನ್ನೆಯ ಕೆಳಗೆ ತಲೆಗೆ ಸುತ್ತಿದ ಬಿಳಿ ಪಟಗ ಕಾಣಿಸಿತು. ಗೌಡರು ನಿಧಾನಕ್ಕೆ, ಕೋಲು ಊರಿಕೊಂಡು ಹತ್ತುತ್ತಿದ್ದರು. ಹಿಂದೆ ಮೂವರು.

ಅವರು ಚಪ್ಪಲಿ ಬಿಟ್ಟು ಕಿಟಕಿಯ ಪಕ್ಕ ಕೂತರು. ನಾನು ಮಿನಿಟ್ಸ್ ಓದಿದೆ. ದುರಗಮ್ಮ ಸ್ಟೀಲಿನ ಲೋಟಗಳಲ್ಲಿ ಚಹಾ ತಂದಳು. ಎಲ್ಲವೂ ಒಂದೇ ಥರದ ಲೋಟಗಳು. ಗೌಡರ ಮುಂದೆ ನಿಂತಳು.

"ಇವತ್ತ ಉಪಾಸ ಅದ ನಂದು" ಎಂದರು ಗೌಡರು, ಯಾರ ಮುಖವನ್ನೂ ನೋಡದೆ.

ದುರಗಮ್ಮ ಸರಿಯಲಿಲ್ಲ. ಅಮೀನಸಾಬರು ನಿಟ್ಟುಸಿರು ಬಿಟ್ಟರು. "ಮೂರು ವರ್ಷದಾಗ ಒಂದ ಅಮಾಸಿನೂ ಮಿರ್ಚಿ ಬಿಟ್ಟಿಲ್ರಿ ನೀವು. ಇವತ್ತ ಯಾವ ದೇವರು ಎಚ್ಚರ ಆದನ್ರಿ ಗೌಡ್ರೆ?"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. ಗೌಡರು ನಗಲಿಲ್ಲ, ಕಿಟಕಿಯಾಚೆ ನೋಡಿದರು. ದಿನ್ನೆಯ ಬುಡದಲ್ಲಿ ಹತ್ತನೆಯ ತರಗತಿಯ ಮಕ್ಕಳು ಪುಸ್ತಕದ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಬರಹೇಳಿರಲಿಲ್ಲ, ತಾವಾಗಿಯೇ ಬಂದಿದ್ದರು. ನೀಲಮ್ಮ ಎದ್ದು ನಿಂತು ಈ ಕಡೆಗೇ ನೋಡುತ್ತಿದ್ದಳು.

"ಕೊಡವಾ" ಎಂದು ಗೌಡರು ಕೈ ಚಾಚಿದರು. ಕುಡಿದು, "ಸಕ್ಕರಿ ಜಾಸ್ತಿ ಆಗ್ಯಾದ" ಎಂದರು.

"ಮೊದಲ ಸಲ ಅಲ್ಲೇನ್ರಿ, ಅದಕ್ಕ" ಎಂದಳು ದುರಗಮ್ಮ.

ಕೊನೆಗೆ ಆಕೆಯೂ ಒಂದು ಲೋಟ ಹಿಡಿದು ನನ್ನ ಪಕ್ಕ ಜಮಖಾನೆಯ ಮೇಲೆ ಕೂತಳು. ಠರಾವು ಬರೆದೆ. ಅವೈಲೆಬಲ್ ಎಂಬುದನ್ನು ಹೊಡೆದು ಹಾಕಿ, ಕೇರಿಯ ಜನರು ದಯಮಾಡಿ ಕೊಟ್ಟಿರುತ್ತಾರೆ ಎಂದು ಬರೆದೆ. ಆಕೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿ ಒರೆಸಿಕೊಂಡು, ಸೆರಗಿನ ಗಂಟು ಬಿಚ್ಚಿದಳು. ನಾನು ಕೊಟ್ಟಿದ್ದ ಗುಳಿಗೆಯ ಸ್ಟ್ರಿಪ್. ಹತ್ತೂ ಹಾಗೇ ಇದ್ದವು.

"ತಗೋರಿ ಅಕ್ಕೋರೆ. ಖರೇನೇ ಎದಿ ಉರಿ ಇದ್ದವ್ರಿಗೆ ಕೊಡ್ರಿ."

ಮರುದಿನ ಮೂವತ್ತೊಂದು ಮಕ್ಕಳೂ ದಿನ್ನೆ ಹತ್ತಿದರು. ಆರು ಹುಡುಗಿಯರೂ ಪರೀಕ್ಷೆ ಬರೆದರು. ಇಬ್ಬರು ಮ್ಯಾಥ್ಸ್‌ನಲ್ಲಿ ಫೇಲಾದರು, ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದರು. ಹೊಸ ಕಟ್ಟಡ ಏಳುವವರೆಗೆ ಹತ್ತನೆಯ ತರಗತಿ ಅಲ್ಲೇ ನಡೆಯಿತು, ಮೀಟಿಂಗೂ ಅಲ್ಲೇ. ಊರು ಬದಲಾಯಿತು ಎಂದು ನಾನು ಹೇಳಲಾರೆ. ಹೋಟೆಲ್ಲಿನ ಆ ಗ್ಲಾಸು ಬಹಳ ವರ್ಷ ಹಾಗೇ ಇತ್ತಂತೆ.

ಈಗ ಆ ಊರಲ್ಲಿ ಎತ್ತುಗಳೇ ಇಲ್ಲ. ಟ್ರ್ಯಾಕ್ಟರಿಗೆ ಅಮಾವಾಸ್ಯೆ ಇಲ್ಲ. ಕಮಿಟಿಗೆ ಬೇರೆ ಹೆಸರು ಬಂದಿದೆ, ಸರ್ಕ್ಯುಲರ್ ಹೇಳಿದ ದಿನ ಸೇರುತ್ತದೆ. ಗೌಡರು, ಅಮೀನಸಾಬರು, ದುರಗಮ್ಮ ಒಬ್ಬರೂ ಉಳಿದಿಲ್ಲ. ಕ್ಯಾಲೆಂಡರಿನಲ್ಲಿ ಆ ಕಪ್ಪು ಚುಕ್ಕೆ ಕಂಡ ದಿನ ನನಗೆ ಮಧ್ಯಾಹ್ನ ನಿದ್ದೆ ಹತ್ತುವುದಿಲ್ಲ. ಜಮಖಾನೆಯ ಒರಟು, ದಿನ್ನೆಯ ಗಾಳಿ, ಕೆಳಗೆಲ್ಲ ಭತ್ತದ ಹಸಿರು ನೆನಪಾಗುತ್ತವೆ. ಮಿನಿಟ್ಸ್ ಓದುತ್ತಾ ಒಂದು ಶಬ್ದ ಬೇಕೆಂದೇ ತಪ್ಪಿಸಬೇಕು, ಯಾರಾದರೂ ಹಿಡಿಯಬೇಕು ಎಂದು ಆಸೆಯಾಗುತ್ತದೆ.

ಜಾಗ ಯಾರದೋ ಅವರನ್ನು ಮೊದಲು ಕೇಳಬೇಕು ಎಂಬುದು ನೌಕರಿ ನನಗೆ ಕಲಿಸಿದ ಪಾಠ. ಆಮೇಲಿನ ಯಾವ ಶಾಲೆಯಲ್ಲೂ ಅದನ್ನು ಮರೆಯಲಿಲ್ಲ. ಆದರೆ ಒಲ್ಲೆ ಎಂದವರನ್ನು ಯಾಕೆ ಎಂದು ಕೇಳುವುದು ಅದಕ್ಕಿಂತ ಕಷ್ಟದ ಪಾಠ. ದುರಗಮ್ಮನನ್ನು ನಾನು ಮೂರು ವರ್ಷ ಕೇಳಲಿಲ್ಲ. ಆ ಗುಳಿಗೆಗಳ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಇನ್ನೂ ನನ್ನ ಡ್ರಾಯರಿನಲ್ಲಿವೆ, ಹತ್ತೂ.