ಸಾಗರದ ಪೇಟೆಯಲ್ಲಿ ಕೊನೆಯ ಟ್ರಿಪ್

ಲಾಂಚ್ ಅಜ್ಜನ ಬಲಗೈಯ ನಾಲ್ಕು ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ಹೊಳೆಬಾಗಿಲಿನ ದಡದಲ್ಲಿ ಜೀಪು, ಬಸ್ಸುಗಳನ್ನು ‘ಬಾ, ಬಾ, ಇನ್ನೂ ಬಾ’ ಎಂದು ಹಿನ್ನೀರು ದಾಟಿಸುವ ಲಾಂಚಿಗೆ ಹತ್ತಿಸಿ ಹತ್ತಿಸಿ, ಊಟಕ್ಕೆ ಕೂತಾಗಲೂ ಅವು ಯಾರನ್ನೋ ಕರೆಯುವಂತೆ ಮಡಚಿ ಬಿಚ್ಚುತ್ತಿದ್ದವು. ಅವನು ನನ್ನ ಅಜ್ಜಿಯ ತಮ್ಮ. ನೆಂಟರ ಮದುವೆಗಳಲ್ಲಿ ಪಂಕ್ತಿ ಕೂರಿಸುವ ಕೆಲಸವೂ ಅವನದೇ. ದಪ್ಪಗಿರುವವರನ್ನು ಎರಡೂ ಬದಿಗೆ ಹಂಚಿ ಕೂರಿಸುತ್ತಿದ್ದ. ಯಾಕೆಂದು ಕೇಳಿದರೆ, “ಒಂದೇ ಕಡೆ ಕೂತ್ರೆ ವಾಲ್ತದೆ” ಎನ್ನುತ್ತಿದ್ದ.

ಹೊಳೆಯಾಚೆಯ ತುಮರಿಯಿಂದ ಸಾಗರದ ಕಾಲೇಜಿಗೆ ಹೋಗಿಬರುತ್ತಿದ್ದಾಗ, ಸಂಜೆಯ ಬಸ್ಸು ತಡವಾದರೆ ಅಜ್ಜ ಕೊನೆಯ ಲಾಂಚನ್ನು ನನಗಾಗಿ ನಿಲ್ಲಿಸಿಕೊಂಡಿರುತ್ತಿದ್ದ. ಉಳಿದವರು ಗೊಣಗಿದರೆ ಹಗ್ಗ ಸಿಕ್ಕಾಗಿದೆ ಎಂದು ಬಗ್ಗಿ ನಿಂತು, ಇಲ್ಲದ ಗಂಟನ್ನು ಬಿಡಿಸುತ್ತಿದ್ದ. ಅಂಥ ದಿನಗಳ ಪಕ್ಕ ಡೈರಿಯಲ್ಲಿ ‘ಗಂಟು’ ಎಂದು ಬರೆಯುತ್ತಿದ್ದೆ. ಎರಡನೇ ವರ್ಷವೊಂದರಲ್ಲೇ ಹದಿನೇಳು ಗಂಟುಗಳಿವೆ. ನಾನು ಹತ್ತಿದ ಮೇಲೆ ಸೀಟಿ ಊದುತ್ತಿದ್ದ: ಎರಡು ಗಿಡ್ಡ, ಒಂದು ಉದ್ದ. ಅದು ಕೊನೆಯ ಟ್ರಿಪ್ಪಿಗೆ ಮಾತ್ರ. ಅದನ್ನು ಕೇಳಿಯೂ ನಿಧಾನ ಮಾಡಿದವರಿಗೆ ರಾತ್ರಿಯಿಡೀ ದಡದ ಅಂಗಡಿ ಜಗುಲಿಯೇ ಗತಿ.

ಆಮೇಲೆ ಸೇತುವೆ ಆಯಿತು. ಎಲ್ಲರಿಗೂ ಖುಷಿ, ಅಜ್ಜನಿಗೂ. ಆದರೆ ಲಾಂಚು ನಿಂತು ಮನೆಯಲ್ಲಿ ಕೂತ ಅವನಿಗಾಗಿ ಯಾರೂ ಕಾಯುತ್ತಿರಲಿಲ್ಲ. ಸಾಗರದ ರಾಜ್ಯೋತ್ಸವ ಮೆರವಣಿಗೆಯಲ್ಲಿ ಲಾಂಚಿನ ಸ್ತಬ್ಧಚಿತ್ರ ಮಾಡುತ್ತೇವೆ, ಮೇಲೆ ನಿಲ್ಲಬೇಕು ಎಂದು ಕರೆ ಬಂದಾಗ ಅವನಿಗೆ ಮನಸ್ಸಿರಲಿಲ್ಲ.

“ಬೆದರುಬೊಂಬೆ ಬೇಕಂತೆ ಅಕ್ಕಾ. ಪೇಟೆ ಜನ ನೋಡಿ ನಗ್ತಾರೆ ಅಷ್ಟೆ.”

“ನಗ್ಲಿ ಬಿಡು. ನಾವೆಲ್ಲ ಬರ್ತೀವಿ, ನಾವೂ ನಗ್ತೀವಿ” ಎಂದಳು ಅಜ್ಜಿ.

ನವೆಂಬರ್ ಒಂದರ ಬೆಳಿಗ್ಗೆ ಅಪ್ಪ, ಅಮ್ಮ, ಅಜ್ಜಿ, ನಾನು ಪೇಟೆಯ ರಸ್ತೆಬದಿಯಲ್ಲಿ ಜಾಗ ಹಿಡಿದೆವು. ನಮ್ಮ ಹೊಳೆಯಾಚೆಯವರು ಬಹಳ ಜನ ಬಂದಿದ್ದರು. ಮೊದಲಿಗೆ ಬಿಳಿ ಬೆಡ್‌ಶೀಟುಗಳ ಜೋಗ ಜಲಪಾತ ಬಂತು. ಅದರ ನೆತ್ತಿಯಲ್ಲಿ ಕೂತವನೊಬ್ಬ ತೋಟಕ್ಕೆ ಔಷಧಿ ಹೊಡೆಯುವ ಪಂಪಿನಿಂದ ನಮ್ಮೆಲ್ಲರ ಮೇಲೆ ನೀರು ಹಾರಿಸುತ್ತಿದ್ದ. ಹಿಂದೆ ನವಿಲಿನ ವೇಷದ ಆಟೋ. ಅದರ ಬಾಲ ಜೋತುಬಿದ್ದು, ಇಬ್ಬರು ಕೋಲು ಕೊಟ್ಟು ಎತ್ತಿ ಹಿಡಿದು ನಡೆಯುತ್ತಿದ್ದರು. ಕೊನೆಗೆ ಲಾರಿಯ ಮೇಲೆ ಪ್ಲೈವುಡ್ಡಿನ ಲಾಂಚು. ಅಜ್ಜ ಇಸ್ತ್ರಿ ಹಾಕಿದ ಖಾಕಿ ಅಂಗಿಯಲ್ಲಿ ಸೆಟೆದು ನಿಂತಿದ್ದ. ಬೆರಳುಗಳು ಅಲ್ಲಾಡುತ್ತಿರಲಿಲ್ಲ.

ಮೆರವಣಿಗೆ ನಮ್ಮೆದುರೇ ನಿಂತಿತು. “ಅದು ಮನುಷ್ಯನಾ, ಗೊಂಬೆನಾ?” ಎಂದು ಯಾರೋ ಕೇಳಿದರು. ಸುತ್ತಲಿನವರು ನಕ್ಕರು. ಅಜ್ಜನ ಮುಖ ಸಣ್ಣದಾಯಿತು. ಕಿಸೆಯಿಂದ ಸೀಟಿ ತೆಗೆದು ಊದಿದ. ಎರಡು ಗಿಡ್ಡ, ಒಂದು ಉದ್ದ.

ಅಜ್ಜಿ ಚೀಲವನ್ನು ಕಂಕುಳಿಗೆ ಇರುಕಿಕೊಂಡು ಓಡಿದಳು. ಮಗುವನ್ನೆತ್ತಿಕೊಂಡ ಹೆಂಗಸರು, ಪಂಚೆ ಎತ್ತಿಕಟ್ಟಿದ ಗಂಡಸರು, ಅರ್ಧ ತಿಂದ ಐಸ್‌ಕ್ಯಾಂಡಿ ಹಿಡಿದ ಮುದುಕರು, ಹೊಳೆಯಾಚೆಯವರೆಲ್ಲ ಓಡಿದರು. ಎಷ್ಟು ಜನ ಎಂದು ಎಣಿಸಲಾಗಲಿಲ್ಲ, ನಾನೂ ಓಡುತ್ತಿದ್ದೆ. ಪೇಟೆಯವರು ಬೆಂಕಿಗಿಂಕಿ ಬಿತ್ತೇ ಎಂದು ಅತ್ತಿತ್ತ ನೋಡಿದರು. ಅಜ್ಜ ಆಗಲೇ ಲಾರಿಯ ಹಿಂದಿನ ಹಲಗೆ ಇಳಿಸಿದ್ದ. ಅರ್ಧ ಜನ ಹತ್ತಿದ ಮೇಲಷ್ಟೇ ನಾವಿರುವುದು ಟಾರು ರಸ್ತೆಯಲ್ಲಿ ಎಂದು ನೆನಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆದರೂ ಯಾರೂ ಇಳಿಯಲಿಲ್ಲ. ಅಜ್ಜ ಕೈಬೀಸಿ ಎಲ್ಲರನ್ನೂ ಮಧ್ಯಕ್ಕೆ ಸರಿಸುತ್ತಿದ್ದ. “ಅಕ್ಕಾ, ನೀ ಸ್ವಲ್ಪ ಎಡಕ್ಕೆ.”

ಬ್ಯಾಡ್ಜ್ ಹಾಕಿದ ಉಸ್ತುವಾರಿಯೊಬ್ಬರು ಓಡಿಬಂದು, ಇವರು ಯಾರೂ ಸ್ತಬ್ಧಚಿತ್ರಕ್ಕೆ ಸೇರಿದವರಲ್ಲ, ಕೂಡಲೇ ಇಳಿಸಿ ಎಂದರು.

“ಹತ್ತಿಸ್ಕೊಂಡ ಮೇಲೆ ನಡುನೀರಲ್ಲಿ ಇಳಿಸಕ್ಕಾಗಲ್ಲ ಸ್ವಾಮಿ” ಎಂದ ಅಜ್ಜ, ವಿನಯದಿಂದಲೇ.

ಅವರಿಗೂ ನಗು ತಡೆಯಲಾಗಲಿಲ್ಲ. ಲಾರಿ ಹೊರಟಿತು.

ಹಿಂದೆಲ್ಲ ಲಾಂಚು ದಡ ಮುಟ್ಟಿದಾಗ ಅಜ್ಜನತ್ತ ತಿರುಗಿ ನೋಡುವ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆಚೆ ನಿಂತ ಬಸ್ಸಿನಲ್ಲಿ ಸೀಟು ಹಿಡಿಯುವ ಅವಸರ. ಆವತ್ತು ಮೆರವಣಿಗೆ ಮುಗಿಯುವ ಮೈದಾನದಲ್ಲಿ ಲಾರಿ ನಿಂತಿತು, ಹಲಗೆ ಇಳಿಯಿತು, ಒಬ್ಬರೂ ಕದಲಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತ ನಿಂತಿದ್ದರು.

“ಇಳೀರಿ ಮಾರಾಯ್ರೇ,” ಎಂದ ಅಜ್ಜ, “ದಡ ಬಂತು.”