ವಿಭೂತಿ ಬಳಿದ ಹಳದಿ ಕಂಬ

ನಮ್ಮ ಹೊಲ ಸಿರುಗುಪ್ಪದಿಂದ ತೆಕ್ಕಲಕೋಟೆಗೆ ಹೋಗುವ ದಾರಿಯ ಬದಿಗಿದೆ. ನನ್ನ ಗದ್ದೆಗೂ ತಂಗಿಯ ಗದ್ದೆಗೂ ನಡುವೆ ಒಂದೇ ಬದು. ಆ ಬದುವಿನ ಮೇಲೆ ಹಿರಿಯರ ಕಾಲದಿಂದಲೂ ಒಂದು ಲಿಂಗಮುದ್ರೆಯ ಕಲ್ಲು ನಿಂತಿದೆ. ಎಂದೋ ದೇವಸ್ಥಾನಕ್ಕೆ ಬಿಟ್ಟ ಭೂಮಿಯ ಎಲ್ಲೆ ಅದು. ಪ್ರತಿ ಸೋಮವಾರ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಅದಕ್ಕೆ ನೀರೆರೆದು ವಿಭೂತಿ ಹಚ್ಚಿ ಬರುವುದು ತಂದೆಯವರಿಂದ ನನಗೆ ಬಂದ ನೇಮ.

ಕೆಲವು ವರ್ಷಗಳ ಹಿಂದೆ ನಮ್ಮ ಹೊಲಗಳ ಅಡಿಯಲ್ಲಿ ಅನಿಲದ ಕೊಳವೆಯನ್ನು ಹೂತರು. ಮಣ್ಣು ಮುಚ್ಚಿ, ನೆಲವನ್ನು ಮೊದಲಿನಂತೆ ಸಮ ಮಾಡಿ, ಆ ಕಲ್ಲಿನ ಪಕ್ಕದಲ್ಲಿಯೇ ಒಂದು ಹಳದಿ ಕಂಬ ನೆಟ್ಟು ಹೋದರು. ಭತ್ತ ಬೆಳೆಯಬಹುದು, ಮರ ನೆಡಬಾರದು, ಬೋರು ಕೊರೆಸಬಾರದು, ಹುಲ್ಲು ಸುಡಬಾರದು, ಕಂಬದ ಮೇಲಿನ ನಂಬರಿಗೆ ಫೋನು ಮಾಡಿ ಕೇಳದೆ ಅಗೆಯಬಾರದು ಎಂದು ತಿಳಿಸಿದ್ದರು. ಇವನ್ನೆಲ್ಲ ನಾನು ವ್ರತದಂತೆಯೇ ಪಾಲಿಸಿದೆ. ಆದರೆ ಮೊದಲ ಸೋಮವಾರವೇ, ಕಲ್ಲಿಗೆ ಹಚ್ಚಿ ಬೆರಳಲ್ಲಿ ಉಳಿದ ವಿಭೂತಿಯನ್ನು ಒರೆಸಿಕೊಳ್ಳಲು ಮನಸ್ಸಾಗದೆ, ಕಂಬಕ್ಕೂ ಮೂರು ಪಟ್ಟೆ ಎಳೆದುಬಿಟ್ಟೆ. ಎಲ್ಲೆ ಕಾಯುವ ಕೆಲಸ ಎರಡಕ್ಕೂ ಒಂದೇ ಅಲ್ಲವೇ ಎಂದು ತೋರಿತು. ಅದೇ ರೂಢಿಯಾಯಿತು. ನಾಟಿಗೆ ಬಂದ ಹೆಂಗಸರು ನನ್ನನ್ನು ನೋಡಿ ಅರಿಶಿನ, ಕುಂಕುಮ ಏರಿಸಿದರು. ಯಾರೋ ಹಬ್ಬಕ್ಕೆ ಸುಣ್ಣವನ್ನೂ ಬಳಿದರು.

ಕಳೆದ ಸಲ ಕಟಾವಿಗೆ ಐದು ದಿನವಿರುವಾಗ ಮಳೆ ಸುರಿದು ತಂಗಿಯ ಗದ್ದೆಯಲ್ಲಿ ನೀರು ನಿಂತಿತು. ನೀರು ಬಸಿಯದಿದ್ದರೆ ಕಟಾವಿನ ಯಂತ್ರ ಒಳಗಿಳಿಯುವಂತಿಲ್ಲ. ಬಾಗಿದ ತೆನೆ ನೀರಿನಲ್ಲಿಯೇ ಮೊಳೆಯುತ್ತದೆ. ತಂಗಿ ಬೆಳಿಗ್ಗೆಯೇ ತೆಕ್ಕಲಕೋಟೆಯಿಂದ ಜೆಸಿಬಿ ತರಿಸಿ, ಹಳ್ಳದ ಕಡೆಗೆ ಬಸಿಗಾಲುವೆ ತೋಡಬೇಕಾದಲ್ಲಿ ಸಾಲಾಗಿ ಗೂಟ ಹೊಡೆಸಿದಳು. ಚಾಲಕ ಕೆಳಗಿಳಿದು ಕಂಬವನ್ನು ಸುತ್ತಿ ನೋಡಿದ.

“ತಾತಾ, ಇದು ಯಾವ ದೇವ್ರು?”

“ದೇವರಲ್ಲಪ್ಪಾ, ಗ್ಯಾಸ್ ಪೈಪಿನ ಕಂಬ,” ಎಂದೆ.

“ಹಂಗಾರ ನಾ ಬಕೆಟ್ ಇಳಸಂಗಿಲ್ಲ. ಮೊದ್ಲು ಅವ್ರಿಗೆ ಫೋನ್ ಹಚ್ಚಬೇಕು.”

“ಪೈಪು ಈ ಕಂಬದಿಂದ ಆ ಕಾಲುವಿ ಏರಿ ಮ್ಯಾಲಿನ ಕಂಬಕ್ಕ ನೆಟ್ಟಗ ಹೋಗೈತಿ. ನನ್ನ ಕಣ್ಣಮುಂದ ಹೂತಾರ. ಗೂಟ ಹೊಡದದ್ದು ಬದುವಿನಿಂದ ಇಪ್ಪತ್ತು ಹೆಜ್ಜಿ ಆಚಿಗೆ.”

“ನಿಮ್ಮ ಕಣ್ಣಿಗೆ ಶರಣು ತಾತಾ. ನನ್ನ ಮಷಿನ್ನಿಗೆ ಕಣ್ಣಿಲ್ಲ. ನಂಬರ್ ಹೇಳ್ರಿ.”

“ಇವತ್ತ ಸಿಗಬೇಕಿತ್ತೇನು ಇಂಥಾ ಶಾಣ್ಯಾ ಡ್ರೈವರ್ರು!” ಎಂದು ತಂಗಿ ಗೊಣಗಿದಳು. “ಅಣ್ಣಾ, ಲಗೂನ ಓದು.”

ಕನ್ನಡಕ ಏರಿಸಿಕೊಂಡು ಬಾಗಿದೆ. ವಿಭೂತಿಯ ಮೇಲೆ ಅರಿಶಿನ, ಅದರ ಮೇಲೆ ಸುಣ್ಣ, ಮತ್ತೆ ವಿಭೂತಿ. ಒಂದು ಅಂಕಿಯೂ ಕಾಣಿಸಲಿಲ್ಲ.

“ಅಯ್ಯ ಶಿವನ! ನಂಬರ್ರಿಗೇ ಪೂಜಿ ಮಾಡಿ ಮುಚ್ಚಿಬಿಟ್ಟಿಯಲ್ಲೋ ಅಣ್ಣಾ!” ಎಂದಳು ತಂಗಿ.

ಚೆಂಬಿನಲ್ಲಿ ನೀರು ತಂದು ಸುರಿದೆ. ಸುಣ್ಣ ಜಗ್ಗಲಿಲ್ಲ, ತಂಗಿ ಒಂದು ಹಿಡಿ ಹುಲ್ಲು ಸುರುಟಿ ಉಜ್ಜಿದಳು, ನಾನು ಉತ್ತರೀಯದಿಂದ ಒರೆಸಿದೆ. ಒಂದೊಂದೇ ಅಂಕಿ ಮೇಲೆದ್ದು ಬಂತು. ಚಾಲಕ ಓದುತ್ತ ಓದುತ್ತ ಫೋನಿನಲ್ಲಿ ಒತ್ತಿದ. “ಯಾರೂ ಸಲಿಕಿ ಸೈತ ಹಾಕಬ್ಯಾಡ್ರಿ, ನಾ ಬರಾಕತ್ತೀನಿ” ಎಂದಿತು ಅತ್ತಲಿನ ದನಿ.

ಮಧ್ಯಾಹ್ನದೊಳಗೆ ಕೊಳವೆಯ ಮೇಲ್ವಿಚಾರಕರು ಬಂದರು. ನೆಲದೊಳಗಿನ ಕೊಳವೆಯನ್ನು ಪತ್ತೆಹಚ್ಚುವ ಕೋಲಿನಂಥ ಉಪಕರಣ ಹಿಡಿದು ಬದುವಿನಿಂದ ನಿಧಾನವಾಗಿ ನಡೆದರು. ಅದು ಕೂಗಿದಲ್ಲೆಲ್ಲ ಒಂದು ಪುಟ್ಟ ಬಾವುಟ ಸಿಕ್ಕಿಸಿದರು. ಬಾವುಟಗಳು ಎಂಟು ಹತ್ತು ಹೆಜ್ಜೆ ಬದುವಿನ ಜೊತೆಗೇ ಸಾಗಿ, ಆಮೇಲೆ ತಂಗಿಯ ಗದ್ದೆಯೊಳಕ್ಕೆ ಬಾಗಿ, ಅವಳ ಗೂಟಗಳ ಸಾಲನ್ನು ನಟ್ಟನಡುವೆ ದಾಟಿ, ಮತ್ತೆ ಏರಿಯ ಕಡೆಗೆ ತಿರುಗಿದವು.

“ಕಂಬ ಅಂದ್ರ ಪೈಪು ಹತ್ರ ಐತಿ ಅನ್ನೋ ಗುರುತು ಅಷ್ಟರೀ ಯಜಮಾನ್ರ,” ಎಂದರು ಅವರು. “ಎರಡು ಕಂಬದ ನಡು ನೆಟ್ಟಗ ಐತಿ ಅಂತ ತಿಳ್ಕಬ್ಯಾಡ್ರಿ. ಇಲ್ಲಿ ಬಂಡಿಗಲ್ಲು ಅಡ್ಡ ಬಂದಿತ್ತು, ಸುತ್ತಿಸಿ ಹಾಕ್ಯಾರ.”

ಆಗ ನನಗೆ ನೆನಪಾಯಿತು. ಕೊಳವೆ ಹೂಳಲು ತೊಡಗಿದ್ದನ್ನು ನಾನು ಕಂಡಿದ್ದೆ, ಮಣ್ಣು ಮುಚ್ಚಿದ್ದನ್ನೂ ಕಂಡಿದ್ದೆ. ನಡುವಿನ ಎಂಟು ದಿನ ಮೊಮ್ಮಗಳ ನಾಮಕರಣಕ್ಕೆಂದು ಬಳ್ಳಾರಿಯಲ್ಲಿದ್ದೆ. ಕಾಣದ ಭಾಗವನ್ನು ಮನಸ್ಸೇ ನೇರ ಗೆರೆ ಎಳೆದು ತುಂಬಿಕೊಂಡಿತ್ತು. ಇದನ್ನು ಚಾಲಕನ ಮುಂದೆಯೇ ಒಪ್ಪಿಕೊಂಡೆ. ಅವನು ನಗಲಿಲ್ಲ. “ನೀವು ತೊಳದು ನಂಬರ್ ಕೊಟ್ರಲ್ಲ ತಾತಾ, ಇಲ್ಲಂದ್ರ ನಾ ಹೊಳ್ಳಿ ಹೋಗ್ತಿದ್ದೆ” ಎಂದಷ್ಟೇ ಹೇಳಿ ಯಂತ್ರ ಏರಿದ.

ಮೇಲ್ವಿಚಾರಕರು ಬಾವುಟಗಳಿಂದ ಬಹುದೂರ, ಗದ್ದೆಯ ಮೂಡಣ ಅಂಚನ್ನು ತೋರಿಸಿಕೊಟ್ಟರು. ಅಲ್ಲಿಂದಲೂ ಹಳ್ಳಕ್ಕೆ ಇಳಿಜಾರಿತ್ತು. ತೋಡುವುದು ಮಾತ್ರ ಇಮ್ಮಡಿ. ಕೆಲಸ ಮುಗಿಯುವವರೆಗೂ ಅವರು ಕೊಡೆ ಹಿಡಿದು ನಿಂತೇ ಇದ್ದರು. ತಂಗಿ ಮೂವರಿಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಬೆಳಿಗ್ಗೆ ಗೊಣಗಿದ್ದನ್ನು ಮರೆತವಳಂತೆ ಚಾಲಕನಿಗೆ ಒಂದು ರೊಟ್ಟಿ ಹೆಚ್ಚಿಗೆ ಬಡಿಸಿದಳು. ಸಂಜೆ ಬಿಸಿಲು ಇಳಿಯುವಾಗ ಗದ್ದೆಯ ನೀರು ಕುಲುಕುಲು ಸದ್ದು ಮಾಡುತ್ತ ಹಳ್ಳ ಸೇರತೊಡಗಿತು. ಐದನೆಯ ದಿನ ಕಟಾವಿನ ಯಂತ್ರ ಇಳಿಯಿತು, ಚಕ್ರ ಹೂತುಹೋಗಲಿಲ್ಲ.

ಮುಂದಿನ ಸೋಮವಾರ ನಾನು ಬದುವಿಗೆ ಹೋದಾಗ ತಂಗಿ ತನ್ನ ಗದ್ದೆಯ ಕೂಳೆಯ ನಡುವೆ ನಿಂತು ಕೂಗಿದಳು: “ಅಣ್ಣಾ, ಕಲ್ಲಿಗೆ ವಿಭೂತಿ, ಕಂಬಕ್ಕ ಬರೀ ಜಳಕ! ಮರತೀ ಮತ್ತ!”

ಮರೆತಿಲ್ಲ. ಈಗ ಮೊದಲ ಚೆಂಬು ನೀರು ಕಂಬಕ್ಕೆ. ಒದ್ದೆ ಬಟ್ಟೆಯಿಂದ ಒರೆಸಿ, ಅಂಕಿಗಳನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಆಮೇಲೆ ಕೈ ತೊಳೆದು ಶಿವನ ಕಲ್ಲಿನ ಕಡೆಗೆ ತಿರುಗುತ್ತೇನೆ.