ಲಂಗರು ಹಾಕಿದಲ್ಲಿ ರಂಗೋಲಿ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕದೆ ಕಾಫಿ ಕುಡಿದರೆ, ಆ ಕಾಫಿ ಇನ್ನಾರದೋ ಮನೆಯದು ಅನ್ನಿಸುತ್ತದೆ ನನಗೆ. ಇದು ಭಕ್ತಿಯಲ್ಲ, ಬರಿಯ ಅಭ್ಯಾಸ. ಬಸವನಗುಡಿಯ ನಮ್ಮ ಬೀದಿಯಲ್ಲಿ ಇನ್ನೂ ಕತ್ತಲಿರುವಾಗಲೇ ನಲ್ಲಿಯಲ್ಲಿ ನೀರು ಬರುತ್ತದೆ. ಹಂಡೆ, ಡ್ರಮ್ಮು, ಬಿಂದಿಗೆ ಎಲ್ಲ ತುಂಬಿಸಿ, ಕೊನೆಯ ಬಕೆಟ್ಟನ್ನು ಹೊಸ್ತಿಲ ಮುಂದೆ ಚೆಲ್ಲಿ ನಾಲ್ಕೆಳೆ ರಂಗೋಲಿ ಬಿಟ್ಟರೆ, ದಿನ ಶುರುವಾಯಿತೆಂದು ಕೈಗೆ ತಿಳಿಯುತ್ತದೆ. ತಲೆಗೆ ತಿಳಿಯುವುದು ಕಾಫಿಯ ನಂತರ. ಈ ಎರಡರ ನಡುವೆ ನಾನು ಏನು ಮಾಡಿದರೂ ಅದಕ್ಕೆ ನನ್ನನ್ನು ಹೊಣೆ ಮಾಡಬಾರದು. ಇಷ್ಟನ್ನು ಒಪ್ಪಿಕೊಂಡರೆ, ಸಮುದ್ರದ ಮೇಲೆ ನಡೆದದ್ದನ್ನು ನಿಮಗೆ ಹೇಳುವುದು ಸುಲಭ.

ಹೌದು, ಸಮುದ್ರದ ಮೇಲೆ. ಅದುವರೆಗೆ ನಾನು ಕಂಡ ಮಹಾಜಲವೆಂದರೆ ಲಾಲ್‌ಬಾಗಿನ ಕೆರೆ. ಅದರಲ್ಲೂ ಕಾಲು ನೆನೆಸಿದವಳಲ್ಲ.

ಕಾನ್ವೆಂಟಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಸಿಸ್ಟರ್, ದ್ವೀಪವೆಂದರೆ ಸುತ್ತಲೂ ನೀರಿರುವ ನೆಲ ಎಂದು ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಒಂದೇ ಬೆಂಚಿನಲ್ಲಿ ಕೂತು ಅದನ್ನು ಒಪ್ಪಿಸಿದವರು ಮೂವರು: ನಾನು, ಚಾಮರಾಜಪೇಟೆಯ ಐರಿನ್, ವೈಯಾಲಿಕಾವಲಿನ ಶಾರದಾ. ಮದುವೆಯಾದ ಮೇಲೆ ನಾವೇ ದ್ವೀಪಗಳಾದೆವು. ಸುತ್ತಲೂ ಒಲೆ, ಒಗೆತ, ಮಕ್ಕಳ ಹೋಂವರ್ಕು, ಅತ್ತೆಯವರ ಕಷಾಯ. ಐರಿನ್ ಪೀಟರನನ್ನು ಮದುವೆಯಾಗಿ ಕಾರವಾರಕ್ಕೆ ಹೋದಳು. ಅದು ದೂರ, ಒಪ್ಪೋಣ. ಶಾರದೆಯ ಗಂಡನ ಮನೆ ಮಲ್ಲೇಶ್ವರದಲ್ಲೇ ಇತ್ತು. ಆದರೂ ನಾವಿಬ್ಬರು ಒಬ್ಬರ ಮನೆಗೊಬ್ಬರು ಹೋಗಿ ಎಷ್ಟೋ ದಸರಾ ಕಳೆದುಹೋಗಿದ್ದವು. ಪ್ರತಿ ವರ್ಷವೂ ಗೊಂಬೆ ನೋಡಲು ಹೋಗಬೇಕು ಅಂದುಕೊಳ್ಳುವುದು, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸುವ ರಗಳೆ ನೆನೆದು ಸುಮ್ಮನಾಗುವುದು. ಕೊನೆಗೆ ನಾವು ಸಿಕ್ಕಿದ್ದು ಅದೇ ಮೆಜೆಸ್ಟಿಕ್ಕಿನಲ್ಲಿ, ಕಾರವಾರದ ಬಸ್ಸಿನ ಮುಂದೆ, ಇಬ್ಬರ ಕೈಯಲ್ಲೂ ಕೋಡುಬಳೆಯ ಡಬ್ಬಿ.

ಕರೆಸಿದವಳು ಐರಿನ್. ಹಿಂದಿನ ವರ್ಷ ಪೀಟರ್ ತೀರಿಕೊಂಡಿದ್ದ. ಅವನದೊಂದು ಹಾಯಿದೋಣಿ ಇತ್ತು. ರಜೆ ಬಂತೆಂದರೆ ಗಂಡ ಹೆಂಡತಿ ಅದರಲ್ಲಿ ಕಾರವಾರದೆದುರಿನ ದ್ವೀಪದಿಂದ ದ್ವೀಪಕ್ಕೆ ಹೋಗಿ ಲಂಗರು ಹಾಕಿ ಮಲಗುತ್ತಿದ್ದರಂತೆ. ಈಗ ಅವಳು ಅದನ್ನು ಮಾರಲು ನಿಂತಿದ್ದಳು. ಗಿರಾಕಿಯನ್ನು ಹುಡುಕಿದವನು ಅವಳ ಮೈದುನ ವಿನ್ಸೆಂಟ್. ಸೋಮವಾರ ದೋಣಿ ಒಪ್ಪಿಸಬೇಕು. ಅದಕ್ಕೆ ಮುಂಚೆ ಒಂದೇ ಒಂದು ಸಲ, ನಮ್ಮನ್ನು ಕೂರಿಸಿಕೊಂಡು ಹೋಗಿಬರುವ ಆಸೆ.

“ಮಾರೋದ್ಯಾಕೆ?” ಅಂತ ಕಾರವಾರದಲ್ಲಿ ಬಸ್ಸಿಳಿದ ಕೂಡಲೇ ಶಾರದಾ ಕೇಳಿದಳು. ಅವಳಿಗೆ ಮೊದಲಿನಿಂದಲೂ ನಾಲಿಗೆಗೆ ಚಿಲಕವಿಲ್ಲ.

“ಚುಕ್ಕಾಣಿ ಪೀಟರ್‌ದು ಕಣೇ. ನಾನು ಮುಂದೆ ನಿಂತು ಕಲ್ಲು ಎಲ್ಲಿದೆ ಅಂತ ಕೂಗೋಳು, ಅಷ್ಟೆ. ಕೂಗೋಳ ಕೈಗೆ ದೋಣಿ ಕೊಟ್ರೆ ಏನ್ ಮಾಡ್ತಾಳೆ?” ಅಂದು ಐರಿನ್ ನಕ್ಕಳು. ನಗು ಅರ್ಧಕ್ಕೆ ನಿಂತದ್ದು ನನಗೆ ಕಾಣಿಸಿತು.

ಮೊದಲ ದಿನ, ಶನಿವಾರ, ವಿನ್ಸೆಂಟನೇ ಚುಕ್ಕಾಣಿ ಹಿಡಿದ. ಸುಲಭದ ದ್ವೀಪವೊಂದರ ಮರೆಯಲ್ಲಿ ಲಂಗರು ಹಾಕಿದೆವು. ಹಾಯಿ ಮಡಿಸಿದ ಮೇಲೆ ದೋಣಿಯ ಸದ್ದಡಗಿತು. ನಮ್ಮ ಸದ್ದು ಶುರುವಾಯಿತು. ಹಳೆಯ ಸಿಸ್ಟರುಗಳ ನಡಿಗೆಯನ್ನೆಲ್ಲ ಶಾರದಾ ಆ ನಾಲ್ಕು ಹಲಗೆಯ ಮೇಲೇ ನಡೆದು ತೋರಿಸಿದಳು. ವಿನ್ಸೆಂಟ್ ಪಾಪ, ಮೀನಿನ ಗಾಳ ಹಿಡಿದು ಆ ಕಡೆ ತಿರುಗಿ ಕೂತಿದ್ದ.

ಬೆಳಗಾಯಿತು. ನಾನು ಎದ್ದೆ. ನನ್ನ ಕೈ ನೀರಿನ ಕ್ಯಾನು ಹುಡುಕಿತು, ಬಕೆಟ್ಟಿಗೆ ಬಗ್ಗಿಸಿತು, ಕೋಣೆಯ ಬಾಗಿಲ ಮುಂದಿನ ಹಲಗೆಯ ಮೇಲೆ ಚೆಲ್ಲಿತು. ಸಾಲದೆಂದು ಇನ್ನೊಂದು ಸಲ ಬಗ್ಗಿಸಿ ಚೆಲ್ಲಿತು. ರಂಗೋಲಿ ಪುಡಿಯ ಪೊಟ್ಟಣವನ್ನು ಊರಿನಿಂದಲೇ ತಂದಿದ್ದೆ. ಪುಟ್ಟದೊಂದು ಪದ್ಮ ಮುಗಿಸಿ ತಲೆಯೆತ್ತಿದರೆ ಮೂರು ಜನ ನನ್ನನ್ನೇ ನೋಡುತ್ತ ನಿಂತಿದ್ದಾರೆ.

“ಅಕ್ಕಾ, ಅದು ಕುಡಿಯೋ ನೀರು, ಇದ್ದದ್ದು ಅಷ್ಟೇ,” ಅಂದ ವಿನ್ಸೆಂಟ್, ಬಹಳ ಮರ್ಯಾದೆಯಿಂದ.

“ಸುತ್ತಾ ಸಮುದ್ರ ಇಟ್ಕೊಂಡು ಸಿಹಿನೀರೇ ಬೇಕಾಯ್ತೇನೇ ಇವಳಿಗೆ!” ಅಂದಳು ಶಾರದಾ, ಮರ್ಯಾದೆಯ ಸೋಂಕಿಲ್ಲದೆ.

ನಮ್ಮ ಮನೆಗೆ ವ್ರತ ಮಾಡಿಸಲು ಬರುವ ಪುರೋಹಿತರು ಸಂಕಲ್ಪದಲ್ಲಿ ತಪ್ಪದೆ ನಮ್ಮ ವಿಳಾಸ ಹೇಳುತ್ತಾರೆ: ಜಂಬೂದ್ವೀಪ. ಬಸವನಗುಡಿಯ ಹೆಸರು ಅದರಲ್ಲಿ ಬರುವುದಿಲ್ಲ. ದೇವರ ಲೆಕ್ಕದಲ್ಲಿ ನಾವೆಲ್ಲ ದ್ವೀಪವಾಸಿಗಳೇ. ಆ ದ್ವೀಪಗಳ ನಡುವೆ ಏಳು ಸಮುದ್ರಗಳಂತೆ. ಉಪ್ಪಿನದು ಮೊದಲು, ಆಮೇಲೆ ಕಬ್ಬಿನ ಹಾಲು, ಹೆಂಡ, ತುಪ್ಪ, ಮೊಸರು, ಹಾಲು. ಸಿಹಿನೀರಿನದು ಕಟ್ಟಕಡೆಗೆ. ಅಡುಗೆಮನೆಯ ಕಪಾಟಿನಂಥ ಈ ಕಲ್ಪನೆಗೆ ನಾನು ಒಳಗೊಳಗೇ ನಗುತ್ತಿದ್ದವಳು. ಆ ಬೆಳಿಗ್ಗೆ ನಗು ಬರಲಿಲ್ಲ. ಪುರಾಣದವರು ಸಿಹಿನೀರನ್ನು ಅಷ್ಟು ದೂರ ಇಟ್ಟದ್ದು ನನ್ನಂಥವರ ಕೈಗೆ ಸಿಗದಿರಲೆಂದೇ ಇರಬೇಕು.

ಕಾರವಾರಕ್ಕೆ ಹಿಂದಿರುಗೋಣವೆಂದರೆ ಗಾಳಿ ಎದುರಿನಿಂದ ಬೀಸುತ್ತಿತ್ತು, ಸಂಜೆಯವರೆಗೂ ಏಗಬೇಕು. ಹತ್ತಿರದಲ್ಲಿ ಬಾವಿಯಿದ್ದದ್ದು ಲೈಟ್‌ಹೌಸಿನ ದ್ವೀಪದಲ್ಲಿ. ಆದರೆ ಅಲ್ಲಿಗೆ ಒಳಹೋಗುವ ದಾರಿಯ ತುಂಬ ನೀರಿನಡಿ ಬಂಡೆಗಳು. ಐರಿನ್ ಆ ದ್ವೀಪವನ್ನು ಬೇಕೆಂದೇ ಬಿಟ್ಟಿದ್ದಳು. ಅದು ಪೀಟರನ ದಾರಿ.

“ವೈನಿ,” ಅಂದ ವಿನ್ಸೆಂಟ್. ಅತ್ತಿಗೆಯನ್ನು ಅವರ ಕಡೆ ಹಾಗೆ ಕರೆಯುತ್ತಾರೆ. “ಅಲ್ಲಿ ಹಾಯಿ ಗಬಕ್ಕನೆ ಇಳಿಸ್ಬೇಕು, ಅದಕ್ಕೆ ನನ್ನ ಕೈ ಬೇಕು. ಆ ಕಲ್ಲುಗಳೂ ನನಗೆ ಗೊತ್ತಿಲ್ಲ. ಗೊತ್ತಿರೋದು ನಿಮಗೆ ಮಾತ್ರ. ಚುಕ್ಕಾಣಿ ನೀವೇ ಹಿಡೀರಿ.”

ಐರಿನ್ ಸೆರಗು ಸಿಕ್ಕಿಸಿಕೊಂಡು ಹಿಂದೆ ಹೋಗಿ ಕೂತಳು. ಅವಳ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ನನ್ನ ಎರಡು ಬಕೆಟ್ ನೀರು ಈ ಹೆಂಗಸನ್ನು ಎಲ್ಲಿಗೆ ತಂದು ಕೂರಿಸಿತಲ್ಲ!

ಮುಂದೆ ನಿಂತು ಕೂಗುವ ಕೆಲಸ ಖಾಲಿ ಇತ್ತು. ಅದಕ್ಕೆ ನಾವಿಬ್ಬರು ನೇಮಕವಾದೆವು. ಗೃಹಿಣಿಯರಿಗೆ ಈ ಕೆಲಸ ಹೊಸದಲ್ಲ. ಗಾಡ್ರೇಜ್ ಬೀರುವನ್ನು ಮಹಡಿಗೆ ಹತ್ತಿಸುವಾಗ ಕೆಳಗೆ ನಿಂತು ಕೂಗಿದ್ದೇವೆ.

“ಎಡಕ್ಕೆ, ಎಡಕ್ಕೆ! ಕಪ್ಪಗೆ ಕಾಣ್ತಿದೆ ನೋಡೇ!”

“ಅದು ಪಾಚಿ ಕಣೇ ಶಾರದಾ, ಕಲ್ಲಲ್ಲ. ಕಲ್ಲು ಬಲಗಡೆ ಬರುತ್ತೆ, ಈಗ ನೋಡು,” ಹಿಂದಿನಿಂದ ಐರಿನ್. ಕಲ್ಲು ಬಲಗಡೆಗೇ ಬಂತು, ಕರೆಸಿಕೊಂಡ ಹಾಗೆ. “ಇನ್ನು ಎರಡು ಕಲ್ಲು, ಮಧ್ಯೆ ಹೋಗ್ಬೇಕು. ನೀವು ಸುಮ್ನಿರ್ರೇ ಸ್ವಲ್ಪ!”

ಸುಮ್ಮನಾದೆವು. ಇಷ್ಟು ವರ್ಷ ಮುಂದೆ ನಿಂತು ಕೂಗಿ ಕೂಗಿ ಆ ದಾರಿಯನ್ನೆಲ್ಲ ಅವಳೇ ಬಾಯಿಪಾಠ ಮಾಡಿಕೊಂಡಿದ್ದಳು. ಪೀಟರ್ ಚುಕ್ಕಾಣಿ ತಿರುಗಿಸುತ್ತಿದ್ದ, ಅಷ್ಟೆ. ದೋಣಿ ಎರಡು ಬಂಡೆಗಳ ನಡುವೆ, ಸಂತೆಯಲ್ಲಿ ಸೀರೆ ಎತ್ತಿ ಹಿಡಿದು ನಡೆಯುವ ಹೆಂಗಸಿನಂತೆ ಮೈ ಸೋಕಿಸದೆ ದಾಟಿತು. ಹಾಯಿ ಇಳಿಯಿತು. ಲಂಗರು ಬಿತ್ತು. ಐರಿನ್ ಚುಕ್ಕಾಣಿಯ ಮೇಲೆ ತಲೆಯಿಟ್ಟು ಅತ್ತಳು. ನಾವು ಅವಳ ಎರಡೂ ಪಕ್ಕ ಕೂತೆವು, ಹಳೆಯ ಬೆಂಚಿನಲ್ಲಿ ಕೂತ ಹಾಗೆ. ಆಮೇಲೆ ಬಾವಿಯ ನೀರು ಸೇದಿ ತಂದು ಕಾಫಿ ಮಾಡಿದೆವು.

ಲೋಟ ಕೆಳಗಿಟ್ಟು ಅವಳು ಮೈದುನನ ಕಡೆ ತಿರುಗಿದಳು. “ವಿನ್ಸೆಂಟ್, ಸೋಮವಾರ ಆ ಗಿರಾಕಿಗೆ ಬರೋದು ಬೇಡ ಅನ್ನು.”

“ಶನಿವಾರಾನೇ ಹೇಳಿದ್ರೆ ನನಗೆ ಬೈಗುಳ ತಪ್ತಿತ್ತಲ್ಲ ವೈನಿ,” ಅಂದ ಅವನು. ಮುಖದ ತುಂಬ ನಗು.

ಊರಿಗೆ ಬಂದಮೇಲೆ ನಾನೂ ಶಾರದೆಯೂ ಪಾಳಿ ಹಾಕಿಕೊಂಡೆವು. ಒಂದು ತಿಂಗಳು ಮಲ್ಲೇಶ್ವರದಲ್ಲಿ ಲಂಗರು, ಇನ್ನೊಂದು ತಿಂಗಳು ಬಸವನಗುಡಿಯಲ್ಲಿ. ಮೆಜೆಸ್ಟಿಕ್ಕಿನ ನೂಕುನುಗ್ಗಲನ್ನು ದಾಟುವಾಗ ಈಗ ನಾನು ಬಂಡೆಗಳನ್ನು ಗುರುತಿಟ್ಟುಕೊಳ್ಳುತ್ತೇನೆ. ಎರಡು ಸಲ ದಾಟಿದ ಮೇಲೆ ಅದು ಅಷ್ಟೇನೂ ಕಷ್ಟವಲ್ಲ.

ಮೊನ್ನೆ ಪಕ್ಕದ ಮನೆಗೆ ಟ್ರಂಕ್ ಕಾಲ್ ಬಂತು. ಓಡಿಹೋಗಿ ಕಿವಿಗಿಟ್ಟುಕೊಂಡರೆ ಐರಿನ್, ಗಾಳಿಯ ಮೇಲೆ ಕೂಗುವ ಅದೇ ಧ್ವನಿಯಲ್ಲಿ: “ಕ್ರಿಸ್ಮಸ್ ಮುಗಿದ ತಕ್ಷಣ ಬಂದ್ಬಿಡ್ರೇ ಇಬ್ರೂ! ದೋಣಿಗೆ ಬಣ್ಣ ಹೊಡೆಸಿದೀನಿ. ಕುಡಿಯೋ ನೀರು ಬೇರೆ ಇಟ್ಟಿರ್ತೀನಿ. ನಿನ್ನ ಹೊಸ್ತಿಲಿಗೆ ಅಂತಾನೇ ಒಂದು ಕ್ಯಾನು ಜಾಸ್ತಿ.”

ರಂಗೋಲಿ ಪುಡಿ ನಾನೇ ತರುತ್ತೇನೆ ಅಂದೆ.